ಸೀಮಂತದ ತಟ್ಟೆಗೆ ಗೋಧಿ ಬಿಸ್ಕತ್ತು

ನನ್ನ ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಶಿವಮೊಗ್ಗದ ನಮ್ಮ ಮನೆಯ ಅಡಿಗೆಮನೆಯಿಂದ ಒಂದು ಭಾನುವಾರ ಮಧ್ಯಾಹ್ನ ಬೆಣ್ಣೆ, ಬೆಲ್ಲ, ಏಲಕ್ಕಿ ಸೇರಿ ಬೇಯುವ ವಾಸನೆ ಎದ್ದಿತು. ಬೇರೆ ಏನನ್ನಾದರೂ ಮುಚ್ಚಿಡಬಹುದು, ಇದನ್ನು ಮುಚ್ಚಿಡಲು ಆಗುವುದಿಲ್ಲ. ಅದು ಕಿಟಕಿ ದಾಟಿ, ಕಾಂಪೌಂಡ್ ಹಾರಿ, ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತಿದ್ದ ಜಾಗಕ್ಕೆ ಹೋಯಿತು.

"ಏನ್ರೀ, ಏನೋ ಕರೀತಿದ್ದೀರಾ?" ಎಂದು ಆಕೆ ಗೋಡೆಯಾಚೆಯಿಂದ ಕೇಳಿದರು.

ಸಾವಾದ ಮನೆಯಲ್ಲಿ ವರ್ಷದೊಳಗೆ ಬಾಣಲೆ ಇಟ್ಟು ಕರಿಯಬಾರದು. ಹಬ್ಬದ ದಿನ ಅಕ್ಕಪಕ್ಕದವರೇ ತಂದುಕೊಡುತ್ತಾರೆ, ನಾವು ಕೈ ಚಾಚಿ ತೆಗೆದುಕೊಳ್ಳಬೇಕು. ಆಕೆಯೇ ಎರಡು ಹಬ್ಬಕ್ಕೆ ಒಬ್ಬಟ್ಟು ತಂದುಕೊಟ್ಟಿದ್ದರು. ಹಾಗಾಗಿ ಕೇಳುವ ಹಕ್ಕು ತಮಗಿದೆ ಎಂದುಕೊಂಡಿದ್ದರೆ ತಪ್ಪೇನಿಲ್ಲ.

"ಕರೀತಿಲ್ಲ ರೀ. ಬಾಣಲೆ ಅಟ್ಟದಿಂದ ಕೆಳಗೇ ಇಳಿಸಿಲ್ಲ. ಬಿಸ್ಕತ್ತು ಮಾಡ್ತಿದೀನಿ."

ಆಕೆ ಒದ್ದೆ ಟವೆಲ್ ಹಿಡಿದುಕೊಂಡೇ ಸ್ವಲ್ಪ ಹೊತ್ತು ಯೋಚಿಸಿದರು. ಬಿಸ್ಕತ್ತಿನ ಬಗ್ಗೆ ಶಾಸ್ತ್ರ ಏನು ಹೇಳುತ್ತದೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ಸಂದಿಯಲ್ಲಿ ನಾನು ಗೆದ್ದೆ.

ಗಂಡನ ನೆನಪಿಗಾಗಿ ಬಿಸ್ಕತ್ತು ಮಾಡುತ್ತೇನೆ ಎಂದು ಆಮೇಲೆ ಹಲವರು ತಿಳಿದುಕೊಂಡರು. ಆಫೀಸಿನಲ್ಲಿ ಒಬ್ಬರು ಕಣ್ಣು ಒದ್ದೆ ಮಾಡಿಕೊಂಡು, "ಅವ್ರಿಗೆ ಟೀ ಜೊತೆ ಬಿಸ್ಕತ್ತು ಇಷ್ಟ ಇತ್ತಾ ಮೇಡಂ?" ಎಂದು ಕೇಳಿದ್ದೂ ಉಂಟು. ಅವರಿಗೆ ಖಾರಾ ಇಷ್ಟವಿತ್ತು. ಬಿಸ್ಕತ್ತು ಬೇಕಾಗಿದ್ದು ನನಗೆ. ಅವರು ಹೋದ ಮೇಲೆ ಏನು ಉಡಬೇಕು, ಎಲ್ಲಿ ಕೂರಬೇಕು, ಯಾವ ಕಾರ್ಯದಲ್ಲಿ ಎಷ್ಟು ಹಿಂದೆ ನಿಲ್ಲಬೇಕು ಎಂದು ಹೇಳುವವರು ಬೇಕಾದಷ್ಟು ಜನ ಸಿಕ್ಕಿದರು. ನಿನಗೇನು ತಿನ್ನಬೇಕೆನಿಸುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ನಾನೇ ಕೇಳಿಕೊಂಡೆ. ಬೆಲ್ಲದ, ಗರಿಗರಿ ಗೋಧಿ ಬಿಸ್ಕತ್ತು ಎಂದು ಉತ್ತರ ಬಂತು.

ಓವನ್ ಇರಲಿಲ್ಲ. ಹಳೆಯ ದೊಡ್ಡ ಕುಕ್ಕರಿನ ಗ್ಯಾಸ್ಕೆಟ್, ವಿಷಲ್ ತೆಗೆದು, ತಳಕ್ಕೆ ಪುಡಿಯುಪ್ಪು ಹರಡಿ, ಒಳಗೆ ಒಂದು ಸ್ಟ್ಯಾಂಡ್ ಇಟ್ಟು ಬಿಸಿಮಾಡಿದೆ. ಬೆಣ್ಣೆಗೆ ಬೆಲ್ಲದ ಪುಡಿ ಸೇರಿಸಿ ನುಣ್ಣಗೆ ತಿಕ್ಕಿ, ಜರಡಿ ಹಿಡಿದ ಗೋಧಿಹಿಟ್ಟು, ಚಿಟಿಕೆ ಬೇಕಿಂಗ್ ಪೌಡರ್, ಉಪ್ಪು, ಏಲಕ್ಕಿ ಹಾಕಿ, ಕೂಡಿಕೊಳ್ಳುವಷ್ಟೇ ಹಾಲು ಚಿಮುಕಿಸಿದೆ. ಮೊದಲ ಸಲ ಚಪಾತಿ ಹಿಟ್ಟನ್ನು ನಾದುವ ಹಾಗೆ ನಾದಿಬಿಟ್ಟೆ. ಬಿಸ್ಕತ್ತು ಹಲ್ಲಿಗೆ ಸವಾಲು ಹಾಕುವಂತಾಯಿತು. ಎರಡನೆಯ ಸಲ, ಬೆಂದರೂ ಮೆತ್ತಗೇ ಇವೆಯಲ್ಲ ಎಂದು ಮತ್ತಷ್ಟು ಹೊತ್ತು ಇಟ್ಟೆ. ತಳ ಕಪ್ಪಾಯಿತು. ಬಿಸಿಯಿದ್ದಾಗ ಮೆತ್ತಗಿರುವುದೇ ಅದರ ಲಕ್ಷಣ, ಆರಿದ ಮೇಲೆ ಗರಿಯಾಗುತ್ತದೆ ಎಂದು ತಿಳಿಯುವಷ್ಟರಲ್ಲಿ ಒಂದು ಡಬ್ಬಿ ಹಿಟ್ಟು ಖಾಲಿಯಾಗಿತ್ತು. ಸುಟ್ಟದ್ದನ್ನೂ ನಾನೇ ತಿಂದೆ. ಮನೆಯಲ್ಲಿ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ. ಮುಂದೆ ಒಂದು ಪುಟ್ಟ ಓವನ್ ಕೊಂಡೆ. ಭಾನುವಾರದ ವಾಸನೆ ನಮ್ಮ ಬೀದಿಗೆ ಅಭ್ಯಾಸವಾಯಿತು.

ನನ್ನ ಅಕ್ಕ ಇರುವುದು ಭದ್ರಾವತಿಯ ನ್ಯೂಟೌನಿನಲ್ಲಿ. ಅವಳ ಒಬ್ಬಳೇ ಮಗಳು ಬಸುರಿಯಾದಾಗ ವಾಂತಿಯಿಂದ ಹಣ್ಣಾಗಿ ತವರಿಗೆ ಬಂದಳು. ಅನ್ನದ ವಾಸನೆಗೇ ಎದ್ದು ಓಡುತ್ತಿದ್ದಳು. ಒಂದು ದಿನ ನೋಡಲು ಹೋದಾಗ ನಾನು ಒಯ್ದಿದ್ದ ಬಿಸ್ಕತ್ತಿನ ಒಂದು ಚೂರನ್ನು ಬಾಯಿಗೆ ಹಾಕಿಕೊಂಡಳು. ಅಕ್ಕ ಬಕೆಟ್ ಹಿಡಿದು ನಿಂತಿದ್ದಳು. ಬಕೆಟ್ ಬೇಕಾಗಲಿಲ್ಲ. ಹುಡುಗಿ ಇನ್ನೊಂದು ತೆಗೆದುಕೊಂಡಳು.

"ಚಿಕ್ಕಮ್ಮ, ಇದು ಹೊಟ್ಟೇಲಿ ನಿಲ್ತಿದೆ," ಎಂದಳು, ದೊಡ್ಡ ಸುದ್ದಿ ಹೇಳುವವಳ ಹಾಗೆ.

ಅಂದಿನಿಂದ ಡಬ್ಬಿ ತುಂಬಿಸಿಕೊಂಡು ಹೋಗುವುದು ನನ್ನ ಕೆಲಸವಾಯಿತು. ಶನಿವಾರ ಆಫೀಸು ಮುಗಿಸಿ ಬಸ್ ಹತ್ತಿದರೆ, ಮಲವಗೊಪ್ಪ ದಾಟುವಷ್ಟರಲ್ಲಿ ಅಕ್ಕನ ಫೋನು ಬರುತ್ತಿತ್ತು: "ಎಲ್ಲಿದೀಯೇ? ಇವ್ಳು ಬಾಗ್ಲಲ್ಲೇ ಕೂತಿದಾಳೆ ಮಾರಾಯ್ತಿ."

ಏಳು ತಿಂಗಳಾದಾಗ ಸೀಮಂತ ಇಟ್ಟುಕೊಂಡರು. ಅಕ್ಕ ಫೋನಿನಲ್ಲಿ ಕರೆದಳು. "ಬೇಗ ಬಾ, ಕೈಗೆ ಜನ ಬೇಕು," ಎಂದಳು. ಆಮೇಲೆ ಸ್ವಲ್ಪ ತಡೆದು, "ದೊಡ್ಡತ್ತೆ ಬರ್ತಾರೆ," ಎಂದಳು. ದೊಡ್ಡತ್ತೆ ಎಂದರೆ ಭಾವನ ಅಕ್ಕ. ಆ ಮನೆಯಲ್ಲಿ ಶುಭಕಾರ್ಯ ಎಂದರೆ ಅವರದೇ ಯಜಮಾನಿಕೆ. ಅಕ್ಕ ಏನು ಹೇಳಲು ಹೊರಟು ನಿಲ್ಲಿಸಿದಳೆಂದು ನನಗೆ ಗೊತ್ತಾಯಿತು. "ಬರ್ಲಿ ಬಿಡೆ, ನಾನೂ ಬರ್ತೀನಿ," ಎಂದೆ.

ಹಿಂದಿನ ದಿನ ಸಂಜೆ ಬಿಸ್ಕತ್ತು ಮಾಡಿದೆ. ಎಂದಿನಂತೆ ಲೋಟದ ಅಂಚಿನಿಂದ ಒತ್ತದೆ, ಈ ಸಲ ಎಲೆಯಾಕಾರಕ್ಕೆ ಒಂದೊಂದಾಗಿ ಕತ್ತರಿಸಿ ಚಾಕುವಿನ ತುದಿಯಿಂದ ನರ ಗೀರಿದೆ. ಹಸಿರು ಸೀರೆ, ಹಸಿರು ಬಳೆಯ ಹುಡುಗಿಯ ಮುಂದೆ ಚಂದ ಕಾಣಲಿ ಎಂದು.

ಅಕ್ಕನ ಅಡಿಗೆಮನೆಯಲ್ಲಿ ದೊಡ್ಡತ್ತೆ ಹುಡುಗಿಯ ಮುಂದಿಡುವ ತಟ್ಟೆಗಳನ್ನು ಜೋಡಿಸುತ್ತಿದ್ದರು. ಚಿರೋಟಿ, ಕರ್ಜಿಕಾಯಿ, ಕೋಡುಬಳೆ, ರವೆಉಂಡೆ. ನಾನು ಡಬ್ಬಿ ತೆಗೆದು ಒಂದು ಸ್ಟೀಲ್ ತಟ್ಟೆಯಲ್ಲಿ ಬಿಸ್ಕತ್ತು ಹರಡಿ ಆ ಸಾಲಿನಲ್ಲಿಟ್ಟೆ. ಅವರು ಅದನ್ನು ಹಾಗೇ ಎತ್ತಿ ಪಕ್ಕದ ಕಟ್ಟೆಯ ಮೇಲಿಟ್ಟರು.

"ಇದು ಬೇಡಮ್ಮ. ಬೇಕರಿ ಐಟಂ, ಮೊಟ್ಟೆ ಇರುತ್ತೆ."

"ಮೊಟ್ಟೆ ಇಲ್ಲ. ಮನೇಲೇ ಮಾಡಿದ್ದು. ಗೋಧಿಹಿಟ್ಟು, ಬೆಲ್ಲ, ಬೆಣ್ಣೆ, ಹಾಲು."

"ಸೋಡಾ ಗೀಡಾ ಹಾಕಿರ್ತೀರಿ. ಬಸುರಿಗೆ ಆಗಲ್ಲ."

"ಅವ್ಳು ಇಷ್ಟು ದಿನ ಇದನ್ನೇ ತಿಂತಿರೋದು. ಡಾಕ್ಟ್ರೂ ತಿನ್ಲಿ ಅಂದಿದಾರೆ."

"ಊಟ ಆದ್ಮೇಲೆ ಕೊಡಿ, ಯಾರು ಬೇಡ ಅಂದ್ರು? ತಟ್ಟೆ ಸಾಲಿಗೆ ಮಾತ್ರ ಬೇಡ."

"ಯಾಕೆ?"

ಅವರು ರವೆಉಂಡೆಯೊಂದನ್ನು ಸುಮ್ಮನೆ ಅತ್ತಿತ್ತ ಸರಿಸಿದರು. "ನಿಮ್ಗೇ ಗೊತ್ತಿರುತ್ತಲ್ಲ. ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ?"

ಇಂಥ ಮಾತುಗಳನ್ನು ನಾನು ಅಲ್ಲಿಯವರೆಗೆ ಅರ್ಧದಲ್ಲೇ ಅರ್ಥಮಾಡಿಕೊಂಡು ಜಾಗ ಬಿಟ್ಟುಕೊಡುತ್ತಿದ್ದೆ. ಮದುವೆಮನೆಗಳಲ್ಲಿ ಕುಂಕುಮದ ಬಟ್ಟಲು ನನ್ನ ಪಕ್ಕದವರೆಗೆ ಬಂದು ನನ್ನನ್ನು ಹಾರಿ ಮುಂದೆ ಹೋಗುವಾಗ ಫೋನು ನೋಡುತ್ತಾ ಕೂತಿದ್ದೇನೆ. ಎದುರಿನವರಿಗೆ ಮುಜುಗರವಾಗದಿರಲಿ ಎಂದು! ಅವತ್ತು ಕಟ್ಟೆಯ ಮೇಲೆ ಬೇರೆಯಾಗಿ ಕೂತಿದ್ದ ಆ ತಟ್ಟೆ ನೋಡಿ ನನಗೆ ಮೈಯೆಲ್ಲ ಉರಿಯಿತು.

"ನಂಗೆ ಗೊತ್ತು. ಆದ್ರೆ ನಿಮ್ಮ ಬಾಯಿಂದ ಕೇಳ್ಬೇಕು. ಮೊಟ್ಟೆ ಇಲ್ಲ, ಇನ್ನೇನು ಕಾರಣ, ಹೇಳಿ."

ಹೇಳಿದರು. ಅವರೂ ಹೆದರುವ ಹೆಂಗಸಲ್ಲ. "ಗಂಡ ಇಲ್ಲದೋರ ಕೈಯಿಂದ ಬಸುರಿ ತಟ್ಟೆಗೆ ಏನೂ ಹೋಗ್ಬಾರ್ದು. ನಾನು ಮಾಡಿದ ನಿಯಮ ಅಲ್ಲ. ಹೊಟ್ಟೇಲಿರೋ ಕೂಸಿಗೆ ಒಳ್ಳೇದಾಗ್ಲಿ ಅಂತ."

ಅಕ್ಕ ಒಲೆಯ ಕಡೆ ಮುಖ ಮಾಡಿ ಪಾಯಸ ತಿರುವುತ್ತಿದ್ದಳು. ಕೇಳಿಸಿತ್ತು. ಸೌಟು ನಿಲ್ಲಲಿಲ್ಲ.

ನಾನು ತಟ್ಟೆ ಎತ್ತಿಕೊಂಡು ನಡುಮನೆಗೆ ನಡೆದೆ. ಹೂವು ಕಟ್ಟಿದ ಕುರ್ಚಿಯಲ್ಲಿ ಕೂತಿದ್ದ ಹುಡುಗಿ ನನ್ನನ್ನು ನೋಡಿ ಮುಖ ಅರಳಿಸಿದಳು. ಹಿಂದಿನಿಂದ ದೊಡ್ಡತ್ತೆಯ ಧ್ವನಿ ಬಂತು: "ಮಗಾ, ಅದನ್ನ ಮುಟ್ಬೇಡ. ಆರತಿ ಆಗ್ಲಿ ಮೊದ್ಲು." ನಡುಮನೆ ತುಂಬ ಹೆಂಗಸರು. ಹುಡುಗಿ ಅಡಿಗೆಮನೆ ಬಾಗಿಲಲ್ಲಿ ನಿಂತ ಅಮ್ಮನ ಕಡೆ ನೋಡಿದಳು. ಅಮ್ಮ ನೆಲ ನೋಡುತ್ತಿದ್ದಳು. ನಾನು ತಟ್ಟೆಯನ್ನು ಅವಳ ಮುಂದೆ ಆಗಲೇ ತಂದಿಟ್ಟಿದ್ದ ಚಿರೋಟಿಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ, ಇಟ್ಟೆ.

ಹುಡುಗಿ ಒಂದು ಬಿಸ್ಕತ್ತು ತೆಗೆದುಕೊಂಡು ಕಚ್ಚಿದಳು. ಕರಕ್ ಎಂದದ್ದು ಕಿಟಕಿಯ ಹತ್ತಿರ ಕೂತವರಿಗೂ ಕೇಳಿಸಿರಬೇಕು. ಅವಳ ಧೈರ್ಯವನ್ನು ನಾನು ಬಹಳ ದಿನ ಹೊಗಳಿಕೊಂಡು ತಿರುಗಿದೆ. ಕೊನೆಗೆ ಅವಳೇ, "ಧೈರ್ಯ ಗಿರ್ಯ ಏನಿಲ್ಲ ಚಿಕ್ಕಮ್ಮ. ಬೆಳಿಗ್ಗೆಯಿಂದ ಏನೂ ಕೊಟ್ಟಿರ್ಲಿಲ್ಲ, ಹಸಿವಾಗಿತ್ತು," ಎಂದಳು. ಇರಲಿ. ನನಗೆ ಅಷ್ಟು ಸಾಕಾಗಿತ್ತು.

ಅಷ್ಟಕ್ಕೇ ಬಿಡಲಿಲ್ಲ. ಪಕ್ಕದಲ್ಲಿದ್ದ ಬಟ್ಟಲಿನಿಂದ ಕುಂಕುಮ ತೆಗೆದು ಅವಳ ಹಣೆಗಿಟ್ಟೆ, ಕೆನ್ನೆಗೆ ಅರಿಶಿನ ಹಚ್ಚಿದೆ, ತಲೆ ಮುಟ್ಟಿ ಹರಸಿದೆ. ಯಾರೂ ತಡೆಯಲಿಲ್ಲ, ಯಾರೂ ಹಾಡಲೂ ಇಲ್ಲ. ದೊಡ್ಡತ್ತೆ ಅವತ್ತು ಊಟ ಮಾಡದೆ ಹೊರಟುಹೋದರು.

ಸಂಜೆ ಅಕ್ಕ ನನ್ನ ಜೊತೆ ಬಸ್ ಸ್ಟಾಪಿನವರೆಗೆ ಬಂದಳು. ಬಸ್ಸು ಕಂಡಾಗ ಕೇಳಿದಳು, "ನನ್ನ ಮನೇಲೇ ಮಾಡ್ಬೇಕಿತ್ತೇನೇ ಇದನ್ನೆಲ್ಲ?"

"ಬೇರೆಯವರ ಮನೇಲಿ ನಂಗೇನು ಹಕ್ಕಿದೆ? ಅದ್ಕೇ ನಿನ್ನ ಮನೇಲಿ ಮಾಡ್ದೆ."

ಮುಂದಿನ ಶನಿವಾರ ಅಕ್ಕ ಫೋನು ಮಾಡಲಿಲ್ಲ. ನಾನು ಡಬ್ಬಿ ತೆಗೆದುಕೊಂಡು ಹೋದೆ, ಹುಡುಗಿಗೆ ಕೊಟ್ಟೆ, ಅಕ್ಕ ಕೊಟ್ಟ ಕಾಫಿ ಕುಡಿದು ಬಂದೆ. ಹಾಗೆಯೇ ಕೆಲವು ವಾರ ನಡೆಯಿತು.

ಆಮೇಲೆ ಒಂದು ಬೆಳಿಗ್ಗೆ, ಇನ್ನೂ ದಿನ ತುಂಬುವ ಮೊದಲೇ, ಹುಡುಗಿಗೆ ನೋವು ಬಂತು. ಶಿವಮೊಗ್ಗದ ಒಂದು ಆಸ್ಪತ್ರೆಗೆ ಕರೆತಂದರು. ಹೆಣ್ಣುಮಗು ಹುಟ್ಟಿತು. ಅಂಗೈಯಗಲ ಮುಖ, ತೀರಾ ಕಡಿಮೆ ತೂಕ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ನಾನು ಆಫೀಸಿನಿಂದ ಓಡಿಹೋದಾಗ ಅಕ್ಕ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

"ಅವತ್ತು ಒಂದು ದಿನ ಸುಮ್ನಿದ್ದಿದ್ರೆ ಏನಾಗ್ತಿತ್ತೇ ನಿಂಗೆ? ಒಂದೇ ಒಂದು ದಿನ!"

ದೊಡ್ಡತ್ತೆ ಹೇಳಿದ್ದರೆ ನನಗೆ ಉತ್ತರ ಸಿದ್ಧವಿತ್ತು. ಅಕ್ಕನ ಬಾಯಿಂದ ಬರುತ್ತದೆ ಎಂದುಕೊಂಡಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಆಟೋದಲ್ಲಿ ಬರುವಾಗ ಅದೇ ಮಾತು ನನ್ನ ತಲೆಯೊಳಗೂ ಒಮ್ಮೆ ಹಾದುಹೋಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಅಕ್ಕನ ಮೇಲಲ್ಲ. ನನ್ನ ತಲೆಯೊಳಗೂ ಜಾಗ ಹಿಡಿದು ಕೂತಿದ್ದ ಆ ಮಾತಿನ ಮೇಲೆ.

"ನೋಡಕ್ಕ," ಎಂದೆ, "ಮಗು ಬೇಗ ಹುಟ್ಟಿದ್ದಕ್ಕೆ ನನ್ನ ಬಿಸ್ಕತ್ತು ಕಾರಣ ಅಲ್ಲ. ನಾಳೆ ಮಗು ಹುಷಾರಾದ್ರೆ ಅದಕ್ಕೂ ನನ್ನ ಬಿಸ್ಕತ್ತು ಕಾರಣ ಅಲ್ಲ. ಅದು ಗೋಧಿ ಬಿಸ್ಕತ್ತು. ನಾನು ಹೆಂಗಸು. ಇದಕ್ಕಿಂತ ಜಾಸ್ತಿ ಶಕ್ತಿ ನಂಗೆ ಕೊಡ್ಬೇಡ."

ಅಕ್ಕ ಮುಖ ತಿರುಗಿಸಿಕೊಂಡಳು. ನಾನು ಅಲ್ಲಿಂದ ಹೋಗಲಿಲ್ಲ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಎದ್ದುಹೋದರೆ ಒಪ್ಪಿಕೊಂಡ ಹಾಗಾಗುತ್ತದೆ ಎನಿಸಿತು.

ಮಗು ಪೆಟ್ಟಿಗೆಯಲ್ಲಿದ್ದಷ್ಟು ದಿನವೂ ಹೋದೆ. ಮಗುವಿಗೆ ಎದೆಹಾಲು ಹಿಂಡಿ ಕೊಡುತ್ತಿದ್ದ ಹುಡುಗಿಗೆ ಹೊತ್ತುಗೊತ್ತಿಲ್ಲದ ಹಸಿವು. ಬೆಳಿಗ್ಗೆ ಎದ್ದು ಬಿಸ್ಕತ್ತು ಬೇಯಿಸಿ, ಆರಿಸಿ, ಡಬ್ಬಿಗೆ ಹಾಕಿಕೊಂಡು ಆಫೀಸಿಗೆ ಹೋಗುವ ಮುಂಚೆ ಕೊಟ್ಟುಬರುತ್ತಿದ್ದೆ. ಒಂದು ದಿನ ಕಾರಿಡಾರಿನಲ್ಲಿ ದೊಡ್ಡತ್ತೆಯೂ ಕೂತಿದ್ದರು. ಡಬ್ಬಿಯನ್ನು ಚೀಲದೊಳಗೆ ಇಟ್ಟುಕೊಳ್ಳಬಹುದಿತ್ತು. ಕೈಯಲ್ಲೇ ಹಿಡಿದುಕೊಂಡು ಅವರ ಮುಂದಿನಿಂದಲೇ ನಡೆದುಹೋದೆ. ಅವರು ಫ್ಲಾಸ್ಕಿನಿಂದ ಅಕ್ಕನಿಗೆ ಕಾಫಿ ಬಗ್ಗಿಸುತ್ತಿದ್ದರು, ಕಣ್ಣು ಊದಿಕೊಂಡಿತ್ತು. ಆ ಮಗುವಿಗಾಗಿ ಅವರೂ ಅತ್ತಿದ್ದರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರು ಅತ್ತರೆಂದು ಆ ನಿಯಮ ಸರಿಯಾಗುವುದಿಲ್ಲ.

ಮಗು ತೂಕ ಹಿಡಿಯಿತು, ಮನೆಗೆ ಬಂತು. ಎಲ್ಲರೂ ಹಗುರಾದರು. "ನೋಡಿದ್ರಾ, ಏನೂ ಆಗಲಿಲ್ಲ," ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಮಗು ಉಳಿದದ್ದರಿಂದ ನಾನು ಸರಿಯೆಂದಾದರೆ, ಉಳಿಯದಿದ್ದರೆ ತಪ್ಪು ಎಂದಾಗುತ್ತಿತ್ತು. ಆ ತಕ್ಕಡಿಯ ಮೇಲೆ ನಾನು ಕೂರುವವಳೇ ಅಲ್ಲ. ಏನೇ ಆಗಿದ್ದರೂ ಆ ತಟ್ಟೆ ಅಲ್ಲೇ, ಚಿರೋಟಿಯ ಪಕ್ಕದಲ್ಲೇ, ಇರಬೇಕಾಗಿತ್ತು.

ನಾಮಕರಣಕ್ಕೆ ಅಕ್ಕ ಕರೆದಳು. ಫೋನಿನಲ್ಲಿ ಧ್ವನಿ ಬಿಗಿಯಾಗಿತ್ತು. "ಬರ್ತೀಯಲ್ಲ?"

"ಬರ್ತೀನಿ. ಹಿಂದೆ ಕೂರಲ್ಲ."

"ನಂಗೊತ್ತು ಮಾರಾಯ್ತಿ," ಎಂದು ಫೋನಿಟ್ಟಳು.

ತೊಟ್ಟಿಲು ಕಟ್ಟಿದ್ದರು. ಮಗುವನ್ನು ಮಲಗಿಸಿ ಹೆಸರಿಟ್ಟ ಮೇಲೆ ದೊಡ್ಡತ್ತೆ, "ಮುತ್ತೈದೆಯರೆಲ್ಲ ಬನ್ನಿ, ತೊಟ್ಟಿಲು ತೂಗಿ," ಎಂದು ಕೂಗಿದರು. ಆ ಕರೆಯಲ್ಲಿ ನಾನಿರಲಿಲ್ಲ. ಎದ್ದುಹೋಗಿ ತೊಟ್ಟಿಲ ಹತ್ತಿರ ನಿಂತೆ. ಹಗ್ಗ ಅಕ್ಕನ ಕೈಯಲ್ಲಿತ್ತು. ಅವಳು ದೊಡ್ಡತ್ತೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಹಗ್ಗದ ತುದಿಯನ್ನು ನನ್ನ ಕಡೆ ನೀಡಿದಳು. ಇಬ್ಬರೂ ಹಿಡಿದು ತೂಗಿದೆವು. ದೊಡ್ಡತ್ತೆ ಆಗಲೇ ಜೋಗುಳ ಶುರು ಮಾಡಿದ್ದರು. ಶುಭಕಾರ್ಯದ ಹಾಡನ್ನು ನಡುವೆ ನಿಲ್ಲಿಸುವಂತಿರಲಿಲ್ಲ, ಕೊನೆಯ ಸಾಲಿನವರೆಗೂ ಹಾಡಿದರು.