ಟೇಕ್ ಆಫ್ ಪಾಠ

ನಿಜಾಮನ ಆಳ್ವಿಕೆ ಹೋದ ಹೊಸದು. ಲಿಂಗಸುಗೂರಿನ ನಮ್ಮ ಶಾಲೆಗೆ ಮದರಾಸಿನ ಕಡೆಯಿಂದ ಇಂಗ್ಲಿಷ್ ಮೇಷ್ಟ್ರೊಬ್ಬರು ಬಂದರು. ವಾಕ್ಯವನ್ನು ಬಾಯಲ್ಲಿ ಹೇಳಿದರೆ ಅವರಿಗೆ ಸಾಲದು, ಹೇಳುತ್ತಾ ಮಾಡಿಯೂ ತೋರಿಸಬೇಕು. ಅಂದಿನ ಪಾಠ ‘ಟೇಕ್ ಆಫ್’. ಒಬ್ಬ ‘ಐ ಟೇಕ್ ಆಫ್ ಮೈ ಕ್ಯಾಪ್’ ಎಂದು ಟೋಪಿ ತೆಗೆದ. ನನಗೆ ಟೋಪಿಯೂ ಇರಲಿಲ್ಲ, ಚಪ್ಪಲಿಯೂ ಇರಲಿಲ್ಲ. ‘ಮೈ ಶರ್ಟ್’ ಎಂದು ಅಂಗಿ ಬಿಚ್ಚಿದೆ. ಎದೆಯ ಮೇಲಿದ್ದ ಲಿಂಗದ ಕರಡಿಗೆ ಕಂಡಿತು.

‘ವೆರಿ ಗುಡ್. ಈಗ ಅದನ್ನೂ ತೆಗೆ’ ಎಂದರು.

ಲಿಂಗ ಮೈ ಬಿಟ್ಟರೆ ಜೀವವೂ ಬಿಟ್ಟ ಹಾಗೆ ಎಂದು ಅಜ್ಜಿ ಹೇಳಿದ್ದಳು. ತೆಗೆದರೆ ಸಾವು, ತೆಗೆಯದಿದ್ದರೆ ಬೆತ್ತ. ಈ ಹಾಳು ಇಂಗ್ಲಿಷಿಗೆ ನನ್ನ ಪ್ರಾಣವೇ ಬೇಕಿತ್ತೇ? ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ.

ಪಕ್ಕದಲ್ಲಿ ಕೂರುತ್ತಿದ್ದ ಮುಸಲ್ಮಾನ ಗೆಳೆಯ ಎದ್ದ. ಅವನ ಕೈ ತನ್ನ ಕೊರಳ ತಾಯಿತವನ್ನು ಆಗಲೇ ಬಿಗಿಯಾಗಿ ಹಿಡಿದಿತ್ತು.

‘ಬ್ಯಾಡ್ರಿ ಸರ. ಅದನ್ನ ಬಿಚ್ಚಿದ್ರ ಅಂವ ಸತ್ತೇ ಹೋಗ್ತಾನ್ರಿ.’

ಮೇಷ್ಟ್ರು ಬೆಪ್ಪಾಗಿ ‘ಸಿಟ್ ಡೌನ್’ ಎಂದರು. ನಾನು ಅಂಗಿಯ ಒಂದೇ ತೋಳು ತೊಟ್ಟುಕೊಂಡೆ. ಇನ್ನೊಂದು ಕೈ ಮನೆ ಮುಟ್ಟುವವರೆಗೂ ಎದೆ ಬಿಡಲಿಲ್ಲ.