ಅಣ್ಣ ಉಂಡ ಮೇಲೆ

ಅಣ್ಣ ಹೋದ ಮೇಲಿನ ಏಳನೇ ಅಮಾವಾಸ್ಯೆಯ ದಿನ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬರೆಯಲು ಸಂಕೋಚವಾಗುತ್ತದೆ, ಆದರೂ ನಡೆದದ್ದು ಹಾಗೆ.

ಕಲಾಸಿಪಾಳ್ಯದ ಸೊಪ್ಪಿನ ಅಂಗಡಿಯಲ್ಲಿ ನಾವಿಬ್ಬರೂ ಒಟ್ಟಿಗೆ ಕೂರುತ್ತಿದ್ದೆವು. ಅವನ ಕೈಗೆ ಮೊದಲು ಸೊಪ್ಪಿನ ಕಟ್ಟು ಕಟ್ಟಲು ಆಗದೆ ಹೋಯಿತು, ಆಮೇಲೆ ಲೋಟ ಹಿಡಿಯಲು. "ಕೈ ಯಾಕೆ ನನ್ನ ಮಾತು ಕೇಳಲ್ಲ, ಯಾರಾದ್ರೂ ಒಬ್ರು ಹೇಳಿ" ಎನ್ನುತ್ತಿದ್ದ. ಅದನ್ನು ಹುಡುಕಲು ಹೊರಟವಳು ಅರ್ಧ ದಿನ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿ, ಅರ್ಧ ದಿನ ಲ್ಯಾಬಿನಲ್ಲಿ ಸಂಶೋಧನೆ ಕಲಿಯುತ್ತಿದ್ದ ಡಾಕ್ಟರ್ ಹುಡುಗಿ. ಅವನು ಕೊಟ್ಟಿದ್ದ ರಕ್ತದಿಂದ ನರಕೋಶ ಬೆಳೆಸಿದ್ದಳು. ಪಕ್ಕದಲ್ಲಿಟ್ಟು ಹೋಲಿಸಲು ಕಾಯಿಲೆ ಇಲ್ಲದ ಒಡಹುಟ್ಟಿದವರ ರಕ್ತ ಬೇಕಿತ್ತು. ಉಳಿದವಳು ನಾನೊಬ್ಬಳೇ. ಆ ಅಮಾವಾಸ್ಯೆಯ ದಿನ ತಪ್ಪಿದರೆ, ಮರುದಿನದಿಂದ ಅವಳಿಗೆ ತಿಂಗಳುಗಟ್ಟಲೆ ವಾರ್ಡಿನ ಕೆಲಸ.

ಮಲ್ಲೇಶ್ವರದ ಆ ಲ್ಯಾಬಿನ ಮೆಟ್ಟಿಲು ಹತ್ತುವಾಗಲೇ ತಲೆ ಗಿರ್ರೆಂದಿತು.

"ಆಂಟಿ, ತಿಂಡಿ ತಿಂದ್ರಾ?"

"ಇಲ್ಲಮ್ಮ. ಇವತ್ತು ಅಮಾವಾಸ್ಯೆ. ಮಧ್ಯಾಹ್ನ ಅಣ್ಣನಿಗೆ ಎಡೆ ಇಡ್ಬೇಕು. ಅವನು ಉಣ್ಣದೆ ನಾನು ಉಣ್ಣಲ್ಲ."

"ಹಾಗಾದ್ರೆ ಸೂಜಿ ಚುಚ್ಚಲ್ಲ. ನೀವು ಬಿದ್ರೆ ಎತ್ತೋಕೆ ನನ್ನ ಕೈಲಾಗಲ್ಲ."

"ನಾನೇನು ಕುಂಬಳಕಾಯಿ ಮೂಟೆನಾ?"

"ನಾನು ಹಾಗಂದ್ನಾ? ನೀವೇ ಹೇಳಿದ್ದು."

ಇಬ್ಬರೂ ಹಟ ಬಿಡಲಿಲ್ಲ. ಕೊನೆಗೆ ಅವಳು ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಪುಟ್ಟ ತಟ್ಟೆಯಲ್ಲಿ ಗುಲಾಬಿ ಬಣ್ಣದ ನೀರು. ಅದರೊಳಗೆ, ಮೆಂತ್ಯ ಸೊಪ್ಪಿನ ಬೇರಿನಂತೆ, ಸಣ್ಣ ಎಳೆಗಳು ಒಂದನ್ನೊಂದು ಹಿಡಿಯಲು ಹೊರಟಿದ್ದವು. ಎಳೇ ಬೇರು. ಸೊಪ್ಪು ಮಾರುವವಳಿಗೆ ಅದು ಗೊತ್ತಾಗುತ್ತದೆ.

"ನಿಮ್ಮಣ್ಣಂದು. ಈ ನೀರೇ ಇವುಗಳ ಊಟ. ದಿನ ಬಿಟ್ಟು ದಿನ ಹಾಕ್ದೆ ಇದ್ರೆ ಸತ್ತೋಗ್ತವೆ. ಇವತ್ತು ಬೆಳಿಗ್ಗೆ ಎಂಟಕ್ಕೇ ಹಾಕಿದೀನಿ."

ನಾನು ಕಣ್ಣು ತೆಗೆಯದೆ ಕೇಳಿದೆ: "ಅಂದ್ರೆ, ಅವನು ಉಂಡಾಯ್ತಾ?"

"ಆಯ್ತು ಆಂಟಿ. ನನಗಿಂತ ಮುಂಚೆ."

ಬದುಕಿದ್ದಾಗಲೂ ಅಷ್ಟೇ, ಅಂಗಡಿಯಲ್ಲಿ ತಿಂಡಿ ಪೊಟ್ಟಣ ಬಿಚ್ಚಿದ ತಕ್ಷಣ ಯಾರಿಗೂ ಕಾಯದೆ ಕೈ ಹಾಕುತ್ತಿದ್ದ! ನನಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ತಟ್ಟೆಗೆ ಬಿದ್ದೀತೆಂದು ಅವಳು ಅಣ್ಣನನ್ನು ಬೇಗ ಎತ್ತಿಟ್ಟಳು.

ಎದುರಿನ ದರ್ಶಿನಿಯಲ್ಲಿ ಎರಡು ಇಡ್ಲಿ, ಒಂದು ವಡೆ ತಿಂದು ಅತ್ತಿಗೆಗೆ ಫೋನ್ ಮಾಡಿದೆ. "ತಿಂದ್ಬಿಟ್ಟೆ ಅತ್ತಿಗೆ. ಅಣ್ಣಂದು ಎಂಟಕ್ಕೇ ಆಗಿದೆ." ಎಲ್ಲ ವಿವರಿಸಿದೆ.

ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, "ಉಪ್ಪು ಸರಿ ಇತ್ತಾ ಕೇಳು. ಕಮ್ಮಿ ಆದ್ರೆ ಮುಖ ಊದಿಸ್ಕೊಂಡು ಕೂತ್ಕೊಳ್ತಾರೆ."

ಮೇಲೆ ಬಂದು ತೋಳು ಚಾಚಿ, ಕೇಳಿದೆ.

"ಅಳತೆ ಮಾಡೇ ಹಾಕಿರ್ತೀವಿ ಆಂಟಿ" ಎಂದು ಹುಡುಗಿ ಸೂಜಿ ಚುಚ್ಚಿದಳು. "ನಗಬೇಡಿ, ಕೈ ಅಲ್ಲಾಡ್ತಿದೆ."