ಪೈಪಿನ ಮೇಲಿಟ್ಟ ಬೆರಳು

ಅವರ ಬಲಗೈಯ ತೋರುಬೆರಳಿನ ತುದಿ ಸದಾ ನುಣ್ಣಗೆ ಹೊಳೆಯುತ್ತಿತ್ತು. ವರ್ಷಗಟ್ಟಲೆ ಡೀಸೆಲ್ ಕುಡಿದ ಬೆರಳು. ಅರಿಶಿನಕುಂಟೆಯ ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ಡೀಸೆಲ್ ಪಂಪು ರಿಪೇರಿ ಮಾಡುತ್ತಿದ್ದ ಅವರನ್ನು ನಾವು ಡ್ರೈವರುಗಳೆಲ್ಲ ಪಂಪ್ ಮೇಸ್ತ್ರಿ ಎನ್ನುತ್ತಿದ್ದೆವು.

ಹಳೇ ಇಂಜಿನ್ ಬಂದರೆ ಅವರಿಗೆ ಹಬ್ಬ. ಓಡುತ್ತಿರುವ ಇಂಜಿನ್ನಿನ ಒಂದೊಂದು ಡೀಸೆಲ್ ಪೈಪಿನ ಮೇಲೂ ಬೆರಳಿಟ್ಟು, ಕಣ್ಣು ಮುಚ್ಚಿ, ನಾಡಿ ನೋಡುತ್ತಿದ್ದರು. "ಮೂರನೇದು ಸುಸ್ತಾಗೈತೆ" ಎಂದರೆ ಡೀಸೆಲ್ ಚಿಮ್ಮಿಸುವ ಮೂರನೆಯ ಇಂಜೆಕ್ಟರೇ ಕೆಟ್ಟಿರುತ್ತಿತ್ತು. ಹೊಸ ಕಾರುಗಳೆಂದರೆ ಮಾತ್ರ ಮುನಿಸು.

"ಈ ಕಾಮನ್ ರೈಲ್ ಅನ್ನೋ ಹೊಸಾ ಗಾಡೀಲಿ ನಾಡೀನೇ ಸಿಗಲ್ಲ ಕಣ್ರಪ್ಪಾ. ಪೈಪಲ್ಲಿ ಯಾವಾಗ್ಲೂ ಪ್ರೆಷರ್ ತುಂಬ್ಕೊಂಡೇ ಇರುತ್ತೆ. ಲೀಕಾದ್ರೆ ಕೈ ಇಡಬೇಡಿ, ಡೀಸೆಲ್ ಚರ್ಮ ತೂರ್ಕೊಂಡು ಒಳಕ್ಕೆ ಹೋಗ್ಬಿಡುತ್ತೆ" ಎಂದು ಎಲ್ಲರನ್ನೂ ಗದರುತ್ತಿದ್ದರು. ತಾವು ರಟ್ಟಿನ ತುಂಡು ಹಿಡಿದೇ ಲೀಕು ಹುಡುಕುತ್ತಿದ್ದರು.

ಒಂದು ಮಧ್ಯಾಹ್ನ, ಬಾಡಿಗೆಗೆ ಓಡಿಸುವ ನನ್ನ ಹೊಸ ಕಾರು ಡೀಸೆಲ್ ವಾಸನೆ ಹೊಡೆಯುತ್ತಿದೆಯೆಂದು ಅವರ ಬಳಿಗೆ ತಂದೆ. ಅವರ ಎಡಗೈಯಲ್ಲಿ ರಟ್ಟು ಇತ್ತು. ಇಂಜಿನ್ ಒಮ್ಮೆ ತಡವರಿಸಿತು ನೋಡಿ, ಬಲಗೈ ತಾನಾಗಿಯೇ ಸೋರುತ್ತಿದ್ದ ಪೈಪಿಗೆ ಹೋಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಯಾರಾದರೂ ನಗುತ್ತಾ ಹೇಳಿದರೆ ನನಗೆ ಈಗ ಸಿಟ್ಟು ಬರುತ್ತದೆ. ಡೀಸೆಲ್ ತೂರಿದ ಬೆರಳ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ಗುರುತು, ಅಷ್ಟೇ. ರಕ್ತವೂ ಇಲ್ಲ.

"ಮೇಸ್ತ್ರೀ, ಎಲ್ರಿಗೂ ಹೇಳೋರು ನೀವೇ. ಆಸ್ಪತ್ರೆಗೆ ನಡೀರಿ" ಎಂದೆ.

"ಇರುವೆ ಕಚ್ಚಿದಂಗಾಯ್ತು, ಅಷ್ಟೇಯ. ನಿನ್ ಗಾಡಿ ಮುಗಿಸ್ಬಿಡ್ತೀನಿ ಇರು" ಎಂದು ನಕ್ಕರು. ಮುಗಿಸಿಯೂ ಬಿಟ್ಟರು.

ಸಂಜೆಗೆ ಕೈ ಬನ್ನಿನಂತೆ ಊದಿತ್ತು. ಅದೇ ಕಾರಿನಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದೆ. ಕೈ ಉಳಿಯಿತು, ಆ ಬೆರಳು ಉಳಿಯಲಿಲ್ಲ. ದಾರಿಯುದ್ದಕ್ಕೂ ನನ್ನ ಕಾರು ಒಮ್ಮೆಯೂ ಕೆಮ್ಮಲಿಲ್ಲ.

ಆಮೇಲೆ ಅವರು ಶೆಡ್ಡಿನ ಮುಂದೆ ಸ್ಟೂಲು ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದರು. ಯಾವುದಾದರೂ ಗಾಡಿ ಹತ್ತಿರ ಬಂದು ನಿಂತರೆ ಕಣ್ಣು ಮುಚ್ಚುತ್ತಿದ್ದರು.

"ಹೋದ ಬೆರಳಲ್ಲಿ ಬಡೀತದೆ ಕಣಪ್ಪಾ" ಎಂದರು ಒಂದು ದಿನ. "ಕೂತ್ರೂ ಮಲಗಿದ್ರೂ ನಾಡಿ. ಈಗ ಹೊಸ ಗಾಡಿದೂ ಸಿಗ್ತದೆ."



ಹೋದ ವರ್ಷ ಅವರು ಎದೆನೋವಿನಿಂದ ಮಲಗಿದ್ದಾಗ ನೋಡಲು ಹೋದೆ. ನನ್ನ ಮಣಿಕಟ್ಟು ಹಿಡಿದು, ಬೆರಳಿಲ್ಲದ ಆ ಮೊಂಡು ಜಾಗವನ್ನು ಅದರ ಮೇಲೆ ಒತ್ತಿ, ಕಣ್ಣು ಮುಚ್ಚಿದರು. "ನಿಂದು ಚೆನ್ನಾಗೈತೆ. ಹೋಗು, ಬಾಡಿಗೆ ನೋಡ್ಕೋ" ಎಂದರು. ಮರುದಿನ ಅವರು ಇರಲಿಲ್ಲ.

ಈಗಲೂ ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ನನ್ನ ಮಣಿಕಟ್ಟಿನ ಮೇಲೆ ಅದೇ ಒತ್ತು ಬೀಳುತ್ತದೆ. ಅವರು ನಾಡಿ ನೋಡಿ ಮುಗಿಸುವವರೆಗೆ ನಾನು ಗೇರು ಹಾಕುವುದಿಲ್ಲ.